ನೀರು ತುಂಬೋ ಓದು

ಪರಿಸರ ವಿಜ್ಞಾನ ಅಂದರೆ ಸಸಿ ನೆಡೋದು, ಭಾಷಣ ಮಾಡೋದು ಅಷ್ಟೇ ಅಂತ ನಿಮ್ಮ ಲೇಖನದಲ್ಲಿದೆ. ಸುಮ್ನೆ ಹಾಗೆ ಹೇಳಬೇಡಿ ಸರ್. ನಾನು ಬಾಗಲಕೋಟೆಯವನು. ಇದೇ ವಿಷಯದಲ್ಲಿ ಎಂ.ಎಸ್ಸಿ. ಓದುವಾಗ ಘಟಪ್ರಭಾ ನದಿಯ ನೀರನ್ನು ಬಾಟಲಿಗೆ ತುಂಬಿ, 20 ಡಿಗ್ರಿಯಲ್ಲಿ 5 ದಿನ ಕತ್ತಲಲ್ಲಿ ಇಟ್ಟು ಬಿಓಡಿ ನೋಡುತ್ತಿದ್ದೆವು. ನೀರಿನ ಹೊಲಸು ಕರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿನ್ನುತ್ತವೆ ಅನ್ನೋ ಲೆಕ್ಕ ಅದು. ಮೂರನೇ ದಿನ ಕರೆಂಟ್ ಹೋಯ್ತೋ, ಎಲ್ಲ ಮೊದಲಿಂದ! ಕಬ್ಬು ನುರಿಸುವ ಹಂಗಾಮಿನಲ್ಲಂತೂ ಸಕ್ಕರೆ ಕಾರ್ಖಾನೆಗಳ ಹೊಲಸು ನೀರಿನಿಂದ ಕೆಲಸ ಜಾಸ್ತಿ. 1991ರ ಸುಪ್ರೀಂ ಕೋರ್ಟ್ ಆದೇಶದಿಂದ ಎಲ್ಲ ಡಿಗ್ರಿಗೂ ಬಂದ ಕಡ್ಡಾಯ ಪರಿಸರ ಪೇಪರ್ ಬೇರೆ, ಈ ಓದು ಬೇರೆ. ಆ ಪೇಪರ್ ಹಿಂದಿನ ರಾತ್ರಿ ಓದಿದರೂ ಪಾಸು, ಅಲ್ವಾ? ಇಲ್ಲಿ ರಸಾಯನಶಾಸ್ತ್ರ ಗಟ್ಟಿ ಇರಬೇಕು. ನಮ್ಮಪ್ಪ ಮಾತ್ರ ಇನ್ನೂ ಕೇಳುತ್ತಾರೆ, "ನೀರ ತುಂಬಾಕ ಯೂನಿವರ್ಸಿಟಿಗೆ ಹೋಗಬೇಕಿತ್ತೇನೋ?"