ಚಿಯಾಸೊದಲ್ಲಿ ಗಾಡಿ ನಿಲ್ಲಿಸಲಿಲ್ಲ, ಅದೇ ತಪ್ಪಾಯ್ತು

"ಎರಡು ಸಾಂಗ್ ಸ್ವಿಟ್ಜರ್ಲೆಂಡ್‌ನಲ್ಲಿ ಮುಗಿಸ್ಕೊಂಡು ಬಂದುಬಿಡೋಣ" ಅಂತ ನಿರ್ಮಾಪಕರು ಹೇಳಿದ ತಕ್ಷಣ ಆಫೀಸಿನಲ್ಲಿ ಶುರುವಾಗುವ ಮೊದಲ ಚರ್ಚೆ ಕಾಸ್ಟ್ಯೂಮ್‌ದು. ಎರಡನೆಯದು ಹೋಟೆಲ್. ಕಾರ್ನೆ ಬಗ್ಗೆ ಯಾರೂ ಕೇಳುವುದಿಲ್ಲ. ಆ ಕೆಲಸವನ್ನು ಹೊರಡುವ ಹಿಂದಿನ ವಾರ ಪಾಪದ ಒಬ್ಬ ಅಸಿಸ್ಟೆಂಟ್ ತಲೆಗೆ ಕಟ್ಟುತ್ತಾರೆ.

ಕಾರ್ನೆ ಅಂದರೆ ಕ್ಯಾಮೆರಾ, ಲೆನ್ಸುಗಳನ್ನು ಸುಂಕ ಕಟ್ಟದೆ ಹೊರದೇಶಕ್ಕೆ ಒಯ್ದು ವಾಪಸ್ ತರೋಕೆ ಬೇಕಾದ ಕಾಗದ. ನಮ್ಮಲ್ಲಿ ಇದನ್ನು ಫಿಕ್ಕಿ ಅನ್ನೋ ವಾಣಿಜ್ಯೋದ್ಯಮ ಒಕ್ಕೂಟ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಪ್ರತಿ ಸಾಮಾನಿನ ಹೆಸರು, ಸೀರಿಯಲ್ ನಂಬರ್, ತೂಕ, ಬೆಲೆ ಅದರಲ್ಲಿರಬೇಕು. ಸಾಮಾನು ವಾಪಸ್ ಬರದಿದ್ದರೆ ಸುಂಕಕ್ಕೆ ಅಂತ ಗ್ಯಾರಂಟಿಯನ್ನೂ ಕೊಡಬೇಕು. ದಾಟುವ ಪ್ರತಿ ಕಸ್ಟಮ್ಸ್‌ನಲ್ಲೂ ಸೀಲ್ ಹಾಕಿಸಬೇಕು.

ನಮಗೆ ಪೆಟ್ಟು ಬಿದ್ದಿದ್ದು ಇಲ್ಲೇ. ಮಿಲಾನ್‌ನಲ್ಲಿ ಇಳಿದೆವು, ಸೀಲ್ ಆಯಿತು. ವ್ಯಾನಿನಲ್ಲಿ ಸ್ವಿಟ್ಜರ್ಲೆಂಡ್ ಕಡೆ ಹೊರಟೆವು. ಚಿಯಾಸೊ ಗಡಿಯಲ್ಲಿ ಯಾರೂ ಕೈ ತೋರಿಸಲಿಲ್ಲ, ಪಾಸ್‌ಪೋರ್ಟನ್ನೂ ಕೇಳಲಿಲ್ಲ, ವ್ಯಾನಿನಲ್ಲಿ ಎಲ್ಲರೂ ಖುಷಿಯಾಗಿ ಶಿಳ್ಳೆ ಹೊಡೆದರು, ನಾನೂ ಹೊಡೆದೆ. ಎರಡು ದೇಶಕ್ಕೂ ಒಂದೇ ಷೆಂಗೆನ್ ವೀಸಾ ಅಲ್ವಾ, ಇನ್ನೇನು ಅಂದುಕೊಂಡೆವು. ಆದರೆ ಸ್ವಿಟ್ಜರ್ಲೆಂಡ್ ಇರುವುದು ಷೆಂಗೆನ್‌ನಲ್ಲಿ ಮಾತ್ರ, ಯುರೋಪಿಯನ್ ಯೂನಿಯನ್ನಿನ ಸುಂಕದ ಒಕ್ಕೂಟದಲ್ಲಿ ಅಲ್ಲ. ನಾರ್ವೆ, ಐಸ್‌ಲೆಂಡ್ ಕಥೆಯೂ ಇದೇ. ಮನುಷ್ಯರಿಗೆ ಗಡಿ ಇಲ್ಲ, ಕ್ಯಾಮೆರಾಗೆ ಇದೆ!

ಚಿಯಾಸೊದಲ್ಲಿ ನಾವೇ ಗಾಡಿ ನಿಲ್ಲಿಸಿ ಇಟಲಿಯಿಂದ ಹೊರಟ ಸೀಲ್ ಹಾಕಿಸಬೇಕಿತ್ತು, ಹಾಕಿಸಲಿಲ್ಲ. ವಾಪಸ್ ಜೂರಿಕ್‌ನಿಂದ ವಿಮಾನ ಹತ್ತಿದೆವು. ಅಂದರೆ ಇಟಲಿಯ ಲೆಕ್ಕದಲ್ಲಿ ನಮ್ಮ ಕ್ಯಾಮೆರಾ ಇನ್ನೂ ಇಟಲಿಯಲ್ಲೇ ಇತ್ತು. ಕೆಲವು ತಿಂಗಳಾದ ಮೇಲೆ ಸುಂಕ ಕಟ್ಟಿ ಅಂತ ಪತ್ರ ಬಂತು. ಬೆಂಗಳೂರಿಗೆ ಬಂದಾಗ ಹಾಕಿಸಿದ್ದ ಸೀಲ್ ತೋರಿಸಿ, ಅದಕ್ಕೊಂದು ಫೀಸ್ ಕಟ್ಟಿ ಪಾರಾದೆವು. ಆ ಸೀಲೂ ಇಲ್ಲದಿದ್ದರೆ ಸುಂಕ ಪೂರ್ತಿ ನಮ್ಮ ತಲೆ ಮೇಲೆ. ತಪ್ಪು ನಮ್ಮದೇ, ಬೇರೆಯವರನ್ನು ಬೈಯೋಕೆ ಆಗಲ್ಲ.

ಅದಕ್ಕೇ ನಾನು ಈಗ ಹಟ ಹಿಡಿಯುವುದು: ಲೊಕೇಶನ್ ನೋಡೋಕೆ ಡೈರೆಕ್ಟರ್, ಕ್ಯಾಮೆರಾಮನ್ ಹೋಗುವಾಗ ಪ್ರೊಡಕ್ಷನ್ ಮ್ಯಾನೇಜರನ್ನೂ ಕಳಿಸಿ. ಟಿಕೆಟ್ ದುಡ್ಡು ದಂಡ ಅಂತಾರೆ. ಅವರಿಬ್ಬರು ಬೆಟ್ಟ ನೋಡಿ ಬರುತ್ತಾರೆ. ಕಸ್ಟಮ್ಸ್ ಆಫೀಸ್ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ, ವ್ಯಾನ್ ಎಲ್ಲಿ ನಿಲ್ಲಿಸಬೇಕು, ಇದನ್ನೆಲ್ಲ ನೋಡುವವರು ಯಾರು? ಎಷ್ಟು ಸಲ ಗಡಿ ದಾಟುತ್ತೀರಿ ಅಂತ ಇಲ್ಲೇ ಲೆಕ್ಕ ಹಾಕಿ, ಸೀಲ್ ಹಾಕಿಸೋಕೆ ಕಾರ್ನೆಯಲ್ಲಿ ಅಷ್ಟು ಹಾಳೆ ಕೇಳಿ ತಗೊಳ್ಳಬೇಕು. ಅಲ್ಲಿ ಹೋದ ಮೇಲೆ ಹಾಳೆ ಸಾಲಲ್ಲ ಅಂದರೆ ಮುಗೀತು.

ಇನ್ನೊಂದು, ಸಾಮಾನು ಕಡಿಮೆ ಮಾಡಿ. ಕ್ಯಾಮೆರಾ, ಲೆನ್ಸ್ ಮಾತ್ರ ಇಲ್ಲಿಂದ. ಲೈಟು, ಸ್ಟ್ಯಾಂಡು, ಟ್ರ್ಯಾಕು ಅಲ್ಲೇ ಬಾಡಿಗೆಗೆ ತಗೊಳ್ಳಿ. ಕರೆಂಟ್ ಅಲ್ಲೂ 50 ಹರ್ಟ್ಸ್, ಹಾಗಾಗಿ ಲೈಟ್ ಮಿನುಗುವ ತಲೆನೋವು ಇಲ್ಲಿಗಿಂತ ಜಾಸ್ತಿ ಇರಲ್ಲ. ಸ್ವಿಸ್ ಪ್ಲಗ್ ಮಾತ್ರ ಬೇರೆ ಥರ. ಬಿಡಿ ಬ್ಯಾಟರಿಗಳನ್ನು ಲಗೇಜಿಗೆ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್ ಒಳಗಿನದು ಸಲೀಸು. 100ರಿಂದ 160ರವರೆಗಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ಒಬ್ಬರಿಗೆ ಎರಡೇ. ಅದಕ್ಕೇ ನಾವು ಡ್ಯಾನ್ಸ್ ಮಾಸ್ಟರ್ ಬ್ಯಾಗಿನಲ್ಲೂ ಎರಡು ತುರುಕಿದ್ದೆವು.

ವೀಸಾಗೆ 15 ದಿನ ಸಾಕು ಅಂತ ನಂಬಿ ಕೂರಬೇಡಿ, 45 ದಿನಕ್ಕೂ ಎಳೆಯಬಹುದು. 6 ತಿಂಗಳ ಮುಂಚೆಯೇ ಅರ್ಜಿ ಹಾಕೋಕೆ ಅವಕಾಶ ಇದೆ. ಡಿಸೆಂಬರ್‌ನಲ್ಲಿ ಹಿಮ ಸಿಗುತ್ತದೆ ನಿಜ, ಆದರೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಅದೇ ಹೋಟೆಲ್ ಖರ್ಚಿನಲ್ಲಿ ಎಷ್ಟು ಶಾಟ್ ಜಾಸ್ತಿ ಬರುತ್ತೆ ನೋಡಿ. ಮತ್ತೆ, ಅಡುಗೆಯವರಿಗೆ ತುಪ್ಪದ ಡಬ್ಬಿ ಇಲ್ಲೇ ಬಿಟ್ಟು ಬರೋಕೆ ಹೇಳಿ. ಹೊರಗಿನ ಹಾಲಿನ ಪದಾರ್ಥ ಒಳಗೆ ಬಿಡಲ್ಲ.

ಕಾರ್ನೆ ಲಿಸ್ಟನ್ನು ಹಳೇ ಶೂಟಿಂಗಿನ ಫೈಲಿನಿಂದ ಕಾಪಿ ಹೊಡೆಯಬೇಡಿ. ಪೆಟ್ಟಿಗೆ ಬಿಚ್ಚಿ, ಒಬ್ಬ ಲೆನ್ಸ್ ಮೇಲಿನ ನಂಬರ್ ಜೋರಾಗಿ ಓದಬೇಕು, ಇನ್ನೊಬ್ಬ ಟಿಕ್ ಹಾಕಬೇಕು.