ಪದಕದ ಸಾಲಿನಲ್ಲಿ ಮೊದಲನೇ ಜಾಗ ಖಾಲಿ

ಗದಗಿನಲ್ಲಿ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. ಉತಾರ, ಆಧಾರ್, ಜಾತಿ ಸರ್ಟಿಫಿಕೇಟು, ಪಾಸ್‌ಬುಕ್ಕು, ಮದುವೆ ಬಯೋಡಾಟಾ, ಎಲ್ಲವೂ ನನ್ನ ಮಶೀನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗುತ್ತವೆ. ಕಾಗದ ಕೈಗೆ ಬಂದ ಕೂಡಲೇ ಎಲ್ಲಿ ತಪ್ಪಿದೆ ಹೇಳಿಬಿಡ್ತೇನೆ ಅಂತ ಸ್ವಲ್ಪ ಸೊಕ್ಕೂ ಇತ್ತು. ಆದರೆ ನಮ್ಮ ಮನೆಯದೇ ಒಂದು ಪುಸ್ತಕದಲ್ಲಿ ಒಂದು ಸಾಲು ಬಿಟ್ಟುಹೋಗಿದ್ದು ನಲವತ್ತು ವರ್ಷ ನಮಗ್ಯಾರಿಗೂ ಕಾಣಲಿಲ್ಲ.

ಪುಸ್ತಕ ನಮ್ಮ ಕಾಕಾನದು. ಅಪ್ಪನ ತಮ್ಮ. 1968ರಲ್ಲಿ ಮಿಲಿಟರಿ ಸೇರಿ, ಡ್ರೈವರ್ ಆಗಿ ಹದಿನೈದು ವರ್ಷ ದುಡಿದು, 1983ರಲ್ಲಿ ಪಿಂಚಣಿ ತೊಗೊಂಡು ರೋಣ ತಾಲ್ಲೂಕಿನ ನಮ್ಮ ಹಳ್ಳಿಗೆ ವಾಪಸ್ ಬಂದವರು. ಅವರ ಹೆಸರು, ಪಲ್ಟನ್ ಹೆಸರು ಎರಡೂ ಇಲ್ಲಿ ಬರೆಯುವುದಿಲ್ಲ. "ನನ್ನ ಹೆಸರು ಫೇಸ್‌ಬುಕ್ಕಿಗೆ ಹಾಕಿದಿ ಅಂದ್ರ ನೋಡು ಮತ್ತ" ಅಂದಿದ್ದಾರೆ.

ಪ್ರತಿ ವರ್ಷ 26 ಜನವರಿಗೆ ಕಾಕಾ ಕರಿ ಕೋಟು ಹಾಕಿಕೊಂಡು, ಎದೆಗೆ ಐದು ಪದಕದ ಸಾಲು ಚುಚ್ಚಿಕೊಂಡು ಊರಿನ ಶಾಲೆಗೆ ಹೋಗುತ್ತಾರೆ. ಹೋದ ವರ್ಷ ಅವರಿಗೆ ಸನ್ಮಾನ ಇತ್ತು. ಪರಿಚಯ ಓದಲು ರಜೆಗೆ ಬಂದಿದ್ದ ಊರಿನದೇ ಒಬ್ಬ ಹುಡುಗ ನಿಂತಿದ್ದ, ಅವನೂ ಮಿಲಿಟರಿಯವನೇ. ಕೈಯಲ್ಲಿ ಕಾಕಾನ ಡಿಸ್ಚಾರ್ಜ್ ಬುಕ್, ಅಂದರೆ ಮಿಲಿಟರಿ ಬಿಟ್ಟು ಬರುವಾಗ ಕೊಡುವ ಸೇವೆಯ ಪುಸ್ತಕ. ಪದಕಗಳ ಪುಟ ತೆಗೆದು ಓದಿದ. ಸಂಗ್ರಾಮ್ ಮೆಡಲ್. ಸೈನ್ಯ ಸೇವಾ ಮೆಡಲ್. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಒಂಬತ್ತು ವರ್ಷದ ದೀರ್ಘ ಸೇವೆಯ ಮೆಡಲ್. ಅಲ್ಲಿಗೆ ಪುಟ ಮುಗಿಯಿತು. ಎದೆಯ ಮೇಲೆ ಐದು, ಪುಸ್ತಕದಲ್ಲಿ ನಾಲ್ಕು. ಹುಡುಗ ಒಳ್ಳೆಯವನು, ಮೈಕಿನಿಂದ ಮುಖ ಸರಿಸಿ ಮೆಲ್ಲಗೆ ಕೇಳಿದ: "ಅಜ್ಜಾರ, ಮೊದಲನೇದ್ದು ಇದರಾಗ ಇಲ್ಲಲ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ಅಂದರು, "ಡುಪ್ಲಿಕೇಟ್ ಇರಬೇಕು ತಗೋ." ನಾಲ್ಕು ಜನ ನಕ್ಕರು. ಕಾಕಾನೂ ನಕ್ಕರು. ಶಾಲು ಹೊದಿಸಿಕೊಂಡರು, ಫೋಟೊ ತೆಗೆಸಿಕೊಂಡರು, ಲಾಡು ತಿಂದರು. ಮನೆಗೆ ಬಂದು ಬ್ಲೇಡು ತೊಗೊಂಡು ಆ ಮೊದಲನೇ ಪದಕದ, ನಕ್ಷತ್ರದ ಆಕಾರದ್ದರ, ಹೊಲಿಗೆ ಬಿಚ್ಚಿಬಿಟ್ಟರು. ಉಳಿದ ನಾಲ್ಕನ್ನು ಪಕ್ಕಕ್ಕೆ ಸರಿಸಲಿಲ್ಲ. ಹಂಗೇ ಬಿಟ್ಟರು. ಬಾಯಿಯಲ್ಲಿ ಮುಂದಿನ ಹಲ್ಲು ಹೋದ ಹಾಗೆ ಕಾಣುತ್ತಿತ್ತು.

ಆ ನಕ್ಷತ್ರ ಪೂರ್ವಿ ಸ್ಟಾರ್. 1971ರ ಯುದ್ಧದ ಕಾಲದ ಸೇವೆಗೆ ಸಂಗ್ರಾಮ್ ಮೆಡಲ್ ಬಹಳ ಜನರಿಗೆ ಸಿಕ್ಕಿತು. ಅದರ ಮೇಲೆ, ಪೂರ್ವದ ಯುದ್ಧಭೂಮಿಯಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಇವು ಪರಾಕ್ರಮಕ್ಕೆ ಕೊಡುವ ಚಕ್ರಗಳಲ್ಲ. ಇದರಿಂದ ತಿಂಗಳಿಗೆ ಒಂದು ರೂಪಾಯಿಯೂ ಜಾಸ್ತಿ ಬರುವುದಿಲ್ಲ. "ಈ ಮನುಷ್ಯ ಆ ಹೊತ್ತಿಗೆ ಅಲ್ಲಿ ಇದ್ದ" ಅಂತ ಸರ್ಕಾರ ಹೇಳುವ ಮಾತು, ಅಷ್ಟೇ.

ಇನ್ನೊಂದು ಮಾತು ಮುಚ್ಚಿಡದೆ ಹೇಳಿಬಿಡ್ತೇನೆ. ಹಿಂದಿನ ಸಾಲಿನವರು ಅಂದಿದ್ದು ಪೂರ್ತಿ ಸುಳ್ಳಲ್ಲ. ಕಾಕಾನ ಎದೆ ಮೇಲಿದ್ದ ಸ್ಟಾರ್ ಅಂಗಡಿಯದು. ಕಂಟೋನ್ಮೆಂಟಿನ ಟೇಲರ್ ಅಂಗಡಿಗಳಲ್ಲಿ ಎಲ್ಲಾ ಪದಕದ ನಕಲೂ ಸಿಗುತ್ತವೆ. ಸರ್ಕಾರದ್ದು ಬರುವುದು ತಡ ಅಂತ ಎಷ್ಟೋ ಸೈನಿಕರು ಅವನ್ನೇ ಕೊಂಡು ಹಾಕಿಕೊಳ್ಳುತ್ತಾರೆ. ಸರ್ಕಾರದ ಪದಕದ ಮೇಲೆ ಸೈನಿಕನ ನಂಬರು, ಹೆಸರು ಕೊರೆದಿರುತ್ತಾರೆ. ಅಂಗಡಿಯದರ ಬೆನ್ನು ಬರೀ ನುಣ್ಣಗೆ. ಪದಕ ಆಮೇಲೆ ಬರುತ್ತೆ ಅಂತ ಕಾಕಾ ಕಾದರು, ಬರಲಿಲ್ಲ, ಒಂದು ಕೊಂಡರು, ಮರೆತರು. ಪುಸ್ತಕದಲ್ಲಿ ಅದರ ಹೆಸರೇ ಹತ್ತಿಲ್ಲ ಅನ್ನುವುದು ಅವರ ತಲೆಗೆ ಬಂದೇ ಇರಲಿಲ್ಲ.

ಹತ್ತಿಲ್ಲ ಯಾಕೆ? ಇದನ್ನು ಬಿಡಿಸಲು ನನಗೆ ಆರು ತಿಂಗಳು ಹಿಡಿಯಿತು. ಕಾಕಾ ತಮ್ಮ ಸ್ವಂತ ಯೂನಿಟ್ಟಿನ ಜೊತೆ ಯುದ್ಧಕ್ಕೆ ಹೋಗಿರಲಿಲ್ಲ. ಡ್ರೈವರ್ ಕಡಿಮೆ ಬಿದ್ದಿದ್ದ ಬೇರೆ ಯೂನಿಟ್ಟಿಗೆ ಅವರನ್ನು ಅಟ್ಯಾಚ್ ಮಾಡಿದ್ದರು, ಅಂದರೆ ಸ್ವಲ್ಪ ದಿನದ ಮಟ್ಟಿಗೆ ಕಳಿಸಿದ್ದರು. ಅಲ್ಲಿಂದ ಅಗರ್ತಲಾ ಕಡೆ ಹೋಗಿ ಮದ್ದುಗುಂಡು ಸಾಗಿಸಿದರು. ಈ ಥರದ ಪದಕ ಸೈನಿಕ ಹೋಗಿ ಕೇಳಿ ತರುವಂಥದ್ದಲ್ಲ. ಯೂನಿಟ್ಟಿನವರು ಯಾರ್ಯಾರು ಇದ್ದರು ಅಂತ ಪಟ್ಟಿ ಮಾಡಬೇಕು, ಪಾರ್ಟ್ ಟು ಆರ್ಡರ್ ಅನ್ನುವ ಲಿಖಿತ ಆದೇಶ ಹೊರಡಿಸಬೇಕು, ಅದನ್ನು ನೋಡಿ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿನವರು ಅವನ ಸೇವೆಯ ವಿವರ ಬರೆದಿಡುವ ಶೀಟ್ ರೋಲ್‌ನಲ್ಲಿ ಬರೆಯಬೇಕು, ಬಿಟ್ಟು ಬರುವಾಗ ಅದು ಡಿಸ್ಚಾರ್ಜ್ ಬುಕ್ಕಿಗೆ ಇಳಿಯಬೇಕು. ಅಟ್ಯಾಚ್ ಆದವನ ಪಾಡು ಮದುವೆ ಮನೆಯಲ್ಲಿ ಎರಡೂ ಕಡೆಯ ಬೀಗ ಆದವನ ಪಾಡು. ಊಟಕ್ಕೆ ಅವರು ಕರೆದಿರುತ್ತಾರೆ ಅಂತ ಇವರು, ಇವರು ಕರೆದಿರುತ್ತಾರೆ ಅಂತ ಅವರು. ಕಾಕಾ ಎರಡೂ ಪಟ್ಟಿಯಿಂದ ಬಿಟ್ಟುಹೋದರು.

ಯುದ್ಧದ ಬಗ್ಗೆ ಕಾಕಾ ಮಾತಾಡುವುದು ಕಡಿಮೆ. ಆದರೆ ಗಾಡಿ ಓಡಿಸಿದ್ದರ ಬಗ್ಗೆ ಕೇಳಿ, ಎದ್ದು ಕೂಡುತ್ತಾರೆ. ರಾತ್ರಿ ಹೆಡ್‌ಲೈಟ್ ಹಾಕುವಂತಿಲ್ಲ. ಮುಂದಿನ ಲಾರಿಯ ಹಿಂದೆ, ಅಚ್ಚಿನ ಮೇಲಿನ ಗುಂಡನೆ ಡಿಫರೆನ್ಶಿಯಲ್‌ಗೆ ಬಿಳಿ ಬಣ್ಣ ಬಳಿದಿರುತ್ತಾರೆ, ಅದರ ಮೇಲೊಂದು ಸಣ್ಣ ಬೆಳಕು ಬೀಳುತ್ತಿರುತ್ತದೆ. ಆ ಬಿಳಿ ಉಂಡೆಯನ್ನೇ ನೋಡಿಕೊಂಡು ಹಿಂದೆ ಹಿಂದೆ ಹೋಗಬೇಕು. "ಹಿಂದ ಮೂರು ಟನ್ ಮದ್ದು. ಮುಂದ ಒಂದು ಬಿಳಿ ಚೆಂಡು. ಕಣ್ಣು ಮಿಟುಕಿಸಾಕೂ ಅಂಜಿಕಿ ತಮ್ಮಾ." ಇದನ್ನು ಅಂಗಡಿಯಲ್ಲಿ ಕೊಂಡ ಪದಕ ಹೇಳಿಕೊಡುವುದಿಲ್ಲ, ಅಲ್ವಾ?

ನಮ್ಮ ಭಾಗದ ಹುಡುಗರು ಹೋಗುವ ಕಡೆಗಳೂ ಬೇರೆ ಬೇರೆ, ಅವರ ರೆಕಾರ್ಡ್ ಆಫೀಸುಗಳೂ ಬೇರೆ ಬೇರೆ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಆರ್ಟಿಲರಿಯದು ನಾಸಿಕ್, ಎಂಇಜಿಯದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು. ಕಾಕಾನ ಆಫೀಸಿಗೆ ಫೆಬ್ರವರಿಯಲ್ಲಿ ಅರ್ಜಿ ಹಾಕಿದೆ. ಡಿಸ್ಚಾರ್ಜ್ ಬುಕ್, ಪಿಪಿಒ ಅಂದರೆ ಪಿಂಚಣಿ ಆದೇಶ, ಆಧಾರ್, ಎಲ್ಲದರ ಝೆರಾಕ್ಸ್. ಮೊದಲು ಹೆಸರಿನದೇ ರಾಮಾಯಣ. ಪುಸ್ತಕದಲ್ಲಿ ಅಡ್ಡಹೆಸರೇ ಇಲ್ಲ, ಆಧಾರಿನಲ್ಲಿ ಅಡ್ಡಹೆಸರು ಮೊದಲು, ಪಿಪಿಒದಲ್ಲಿ ಕೊನೆಯ "ಅಪ್ಪ" ಹಾರಿಹೋಗಿದೆ. ಮೂರೂ ಒಬ್ಬನೇ ಮನುಷ್ಯ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಇದು ಉತ್ತರ ಕರ್ನಾಟಕದ ಪ್ರತಿ ಮನೆಯ ಕಥೆ, ಇದನ್ನು ಉದ್ದ ಮಾಡುವುದಿಲ್ಲ.

ಮೇ ತಿಂಗಳಲ್ಲಿ ಉತ್ತರ ಬಂತು. ದಾಖಲೆಯಲ್ಲಿ ಈ ಪದಕದ ನಮೂದು ಇಲ್ಲ, ನಿಮ್ಮ ಹತ್ತಿರ ಪುರಾವೆ ಇದ್ದರೆ ಕಳಿಸಿ.

ನನ್ನ ತಕರಾರು ಇಲ್ಲೇ ಇರುವುದು. ಪುರಾವೆ ಕೇಳಬಾರದು ಅಂತ ನಾನು ಹೇಳುವುದಿಲ್ಲ. ಇಲ್ಲದ ಪದಕ ಹಾಕಿಕೊಂಡು ತಿರುಗುವವರೂ ಇದ್ದಾರೆ, ಕೇಳಲೇಬೇಕು. ಆದರೆ ಸಿಪಾಯಿಯ ಕೈಯಲ್ಲಿ ಯಾವ ಕಾಗದ ಇರುತ್ತದೆ ಹೇಳಿ? ಎಲ್ಲಿಗೆ ಹೋದ, ಎಷ್ಟು ದಿನ ಇದ್ದ, ಯಾರ ಕೈಕೆಳಗೆ ಇದ್ದ ಅಂತ ಬರೆದಿಟ್ಟ ಕಾಗದವೆಲ್ಲ ಅವರ ಕಪಾಟಿನಲ್ಲೇ ಇದೆ. ಬರೆಯಲು ಮರೆತವರು ಅವರು. ಬರೆದಿಲ್ಲ ಅನ್ನುವುದನ್ನೇ ಸಾಕ್ಷಿ ಮಾಡಿ ನಿನ್ನ ಪುರಾವೆ ತೋರಿಸು ಅನ್ನುವವರೂ ಅವರು. ತಲಾಟಿ ಉತಾರದಲ್ಲಿ ಹೆಸರು ಬಿಟ್ಟು, ಹೊಲ ನಿನ್ನದು ಅನ್ನುವುದಕ್ಕೆ ಉತಾರ ತಗೊಂಡು ಬಾ ಅಂದ ಹಾಗೆ.

ಕಾಕಾ ಕೈಬಿಟ್ಟರು. "ಇರಲಿ ಬಿಡೋ. ಯಾರಿಗೆ ತೋರಸೂದೈತಿ?" ಮನೆಯಲ್ಲೂ ಅದೇ ಮಾತು. ರೊಕ್ಕ ಬರುವುದಿಲ್ಲ, ಸುಮ್ನೆ ಯಾಕೆ ಓಡಾಟ? ನನಗೆ ಮಾತ್ರ ಆ ಖಾಲಿ ಜಾಗ ಕಣ್ಣಿಗೆ ಕಟ್ಟಿತ್ತು. ರೊಕ್ಕದ್ದೇ ಆಗಿದ್ದರೆ ಇಷ್ಟು ಹಟ ಬರುತ್ತಿರಲಿಲ್ಲವೇನೋ. ರೊಕ್ಕದ ತಪ್ಪಿಗೆ ವಕೀಲರು ಸಿಗುತ್ತಾರೆ, ಸಂಘದವರು ಕೂಗುತ್ತಾರೆ. ಇದಕ್ಕೆ ಯಾರೂ ಇಲ್ಲ.

ಅಜ್ಜಿ ಸತ್ತ ಮೇಲೆ ಅವಳ ಗಂಟು ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದಾಗ ಇಳಕಲ್ ಸೀರೆಯ ಮಡಿಕೆಯಲ್ಲಿ ಹನ್ನೊಂದು ಇನ್‌ಲ್ಯಾಂಡ್ ಲೆಟರ್ ಸಿಕ್ಕವು. ಒಂದು 1971ರ ಡಿಸೆಂಬರಿನದು. ಕಳಿಸಿದವರ ವಿಳಾಸದ ಕೊನೆಗೆ 99 ಎಪಿಒ, ಅಂದರೆ ಮಿಲಿಟರಿ ಅಂಚೆ ಕಚೇರಿಯ ನಂಬರು. ಎಲ್ಲಿದ್ದಾರೆ ಅಂತ ಬರೆಯುವ ಹಾಗಿಲ್ಲದಿದ್ದರೂ ಆ ಅಂಕಿ ಹೇಳುತ್ತದೆ. 99 ಅಂದರೆ ಪೂರ್ವದ ಕಡೆ, ಉಳಿದ ಕಡೆಯವರಿಗೆ 56. ಒಳಗೆ ಯುದ್ಧದ ಸುದ್ದಿ ಒಂದಕ್ಷರ ಇಲ್ಲ. "ಮೆಣಸಿನಕಾಯಿ ಬಿಡಿಸೂದು ಸುರು ಆತೇನು? ಯಳ್ಳ ಅಮಾಸಿಗೆ ಚರಗ ಚೆಲ್ಲಾಕ ನಾ ಬರೂದಾಗಂಗಿಲ್ಲ, ನನ್ನ ಪಾಲಿಂದು ಅಣ್ಣ ಚೆಲ್ಲಲಿ." ಆ ವರ್ಷ ಎಳ್ಳ ಅಮಾವಾಸ್ಯೆ ಡಿಸೆಂಬರ್ ನಡುವಿಗೇ ಬಂದಿತ್ತು. ಢಾಕಾದಲ್ಲಿ ಶರಣಾಗತಿ ಆಗಿದ್ದು 16ಕ್ಕೆ.

ಪತ್ರ ಓದಿ ಕಾಕಾ ಸುಮ್ಮನೆ ಕೂತರು. ಆಮೇಲೆ, "ಹಾಕು ಹಂಗಾರ ಇನ್ನೊಂದು ಅರ್ಜಿ" ಅಂದರು.

ಆಫೀಸಿಗೆ ಈ ಪತ್ರವೊಂದೇ ಸಾಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ನನ್ನ ಶೀಟ್ ರೋಲ್‌ನ ದೃಢೀಕರಿಸಿದ ನಕಲು ಕೊಡಿ ಅಂತ, ಕಾಕಾನ ಸಹಿಯಲ್ಲಿ. ಪದಕ ಕೊಡಿ ಅಂತ ಅಲ್ಲ, ಕಾಗದ ಕೊಡಿ ಅಂತ. ಮೂವತ್ತು ದಿನದ ಗಡುವಿನೊಳಗೆ ದಪ್ಪ ಲಕೋಟೆ ಬಂತು. ನಾಲ್ಕನೇ ಹಾಳೆಯಲ್ಲಿ, ಮಾಸಿದ ಟೈಪಿನಲ್ಲಿ, ಅಟ್ಯಾಚ್ ಆದ ತಾರೀಖು, ವಾಪಸ್ ಬಂದ ತಾರೀಖು, ಆ ಯೂನಿಟ್ಟಿನ ಹೆಸರು, ಮೂರೂ ಇದ್ದವು. ನವೆಂಬರಿನಿಂದ ಫೆಬ್ರವರಿ. ಇಲ್ಲ ಅಂದವರ ಹತ್ತಿರವೇ ಇತ್ತು. ಪದಕದ ಕಾಲಂ ನೋಡಿ ಇಲ್ಲ ಅಂದಿದ್ದರು, ಪಕ್ಕದ ಹಾಳೆ ತಿರುವಿರಲಿಲ್ಲ.

ಅದೇ ಹಾಳೆಗೆ ಹಳದಿ ಪೆನ್ನು ಎಳೆದು ವಾಪಸ್ ಕಳಿಸಿದೆವು. ಧಾರವಾಡದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಒಬ್ಬರು ಅರ್ಜಿಯನ್ನು ಮಿಲಿಟರಿ ಧಾಟಿಯಲ್ಲಿ ತಿದ್ದಿಕೊಟ್ಟರು, ನನ್ನ ಎರಡು ಪುಟದ ಗೋಳು ಅರ್ಧ ಪುಟ ಆಯಿತು. ದೀಪಾವಳಿ ಕಳೆದ ಮೇಲೆ ಪತ್ರ ಬಂತು. ಪಾರ್ಟ್ ಟು ಆರ್ಡರ್ ಹೊರಡಿಸಿದ್ದೇವೆ, ದಾಖಲೆಯಲ್ಲಿ ಸೇರಿಸಿದ್ದೇವೆ. ಪದಕ ಪೂರೈಕೆಯಾದಾಗ ಕಳಿಸುತ್ತೇವೆ.

ಕಾಕಾ ಪತ್ರವನ್ನು ಲ್ಯಾಮಿನೇಶನ್ ಮಾಡಿಸಿದರು. ನನ್ನ ಅಂಗಡಿಯಲ್ಲೇ. ರೊಕ್ಕ ಬೇಡ ಅಂದರೂ ಕೊಟ್ಟರು. ಈ 26 ಜನವರಿಗೆ ಅಂಗಡಿಯ ಸ್ಟಾರ್ ಮತ್ತೆ ಹೊಲಿಸೋಣ ಅಂದೆ, ಈಗೇನು ಹಕ್ಕಿದೆಯಲ್ಲ. "ಬ್ಯಾಡ. ನಂಬರು ಕೊರದದ್ದು ಬರಲಿ" ಅಂದು ನಾಲ್ಕೇ ಹಾಕಿಕೊಂಡು ಹೋದರು. ವಯಸ್ಸು ಎಪ್ಪತ್ತೈದು ದಾಟಿದೆ. ಪದಕ ಇನ್ನೂ ಬಂದಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಬಿಟ್ಟು ಬರುವ ಪ್ರತಿ ಸೈನಿಕನ ಕೈಗೆ ಡಿಸ್ಚಾರ್ಜ್ ಬುಕ್ಕಿನ ಜೊತೆ ಅವನ ಶೀಟ್ ರೋಲ್‌ನ ನಕಲೂ ಕೊಡಿ. ತಪ್ಪಿದ್ದರೆ ಮೂವತ್ತೈದನೇ ವಯಸ್ಸಿನಲ್ಲೇ ಕಾಣುತ್ತದೆ, ಜೊತೆಗಿದ್ದವರೂ ಬದುಕಿರುತ್ತಾರೆ. ಹಳಬರ ಅರ್ಜಿ ಬಂದಾಗ ಪದಕದ ಕಾಲಂ ಒಂದನ್ನೇ ನೋಡಬೇಡಿ, ಆ ಮನುಷ್ಯ ಆ ತಾರೀಖಿಗೆ ಎಲ್ಲಿದ್ದ ಅಂತ ನೋಡಿ. ಹಾಗೇ ನಮ್ಮ ಸನ್ಮಾನ ಸಮಿತಿಯವರಿಗೆ ಒಂದು ಮಾತು. ಶಾಲು ಬಹಳ ಆಗಿವೆ ಕಾಕಾನ ಹತ್ತಿರ. ಮುಂದಿನ ಸಲ ಅವರಂಥವರನ್ನು ಕರೆದಾಗ ಪುಸ್ತಕ ಒಮ್ಮೆ ತೆಗೆದು ನೋಡಿ, ಬಿಟ್ಟುಹೋದದ್ದಿದ್ದರೆ ಅರ್ಜಿ ಬರೆದುಕೊಡಿ. ಗದಗಿಗೆ ಕಳಿಸಿದರೆ ನಾನು ಬರೆದುಕೊಡುತ್ತೇನೆ, ಫುಕ್ಕಟೆ.

ಈ ಮಾತು ಅಂಗಡಿಯಲ್ಲಿ ಬಾಯಿಬಿಟ್ಟಿದ್ದಕ್ಕೆ ಹೋದ ವಾರ ಮುಂಡರಗಿ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಗಂಡ 65ರಲ್ಲೂ ಇದ್ದರಂತೆ, 71ರಲ್ಲೂ ಇದ್ದರಂತೆ. ಪಿಂಚಣಿ ಬರುವ ಮೊದಲೇ ಬಿಟ್ಟು ಬಂದವರು, ಹೋಗಿ ಬಹಳ ವರ್ಷವಾಗಿದೆ. ಪುಸ್ತಕ ಇಲ್ಲ. ಹೆಸರು ಹೇಳಿದರು, ಪಲ್ಟನ್ ಗೊತ್ತಿಲ್ಲ, ನಂಬರು ಗೊತ್ತಿಲ್ಲ. ನಂಬರಿಲ್ಲದೆ ಅರ್ಜಿ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಅವರ ಟ್ರಂಕು ಇದೆಯಾ ಅಂತ ಕೇಳಿದೆ. ಐತ್ರಿ, ಜ್ವಾಳ ತುಂಬೇವಿ ಅಂದರು. ನಿನ್ನೆ ಸಂಜೆ ಮೊಮ್ಮಗ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದಾನೆ. ಕರಿ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿದೆ. ಕೊನೆಯ ಎರಡು ಅಂಕಿ ತುಕ್ಕು ತಿಂದಿದೆ. ಅಡ್ಡ ಬೆಳಕು ಬಿಟ್ಟು, ಹತ್ತಿರದಿಂದ ಇನ್ನೊಂದು ತೆಗೆದು ಕಳಿಸು ಅಂದಿದ್ದೇನೆ.