ವಿಪತ್ತಿನಲ್ಲಿ ಅನಾಥರಾದ ಮಕ್ಕಳನ್ನು ಪುಣೆಗೆ ಕರೆತಂದು ಓದಿಸಬೇಕೇ?

ಪರ: ಕರೆತರೋಣ

ಎಲ್ಲಾದರೂ ಗುಡ್ಡ ಕುಸಿದರೆ, ಹೊಳೆ ಉಕ್ಕಿದರೆ ಪುಣೆಯ ನಮ್ಮ ಕನ್ನಡದ ಮಂದಿ ಚಂದಾ ಎತ್ತಲು ಶುರು ಮಾಡುತ್ತಾರೆ. ಜೊತೆಗೇ ಯಾರಾದರೂ ಅನ್ನುತ್ತಾರೆ: "ಅಪ್ಪ ಅಮ್ಮ ಇಲ್ಲದ ಮಕ್ಕಳನ್ನ ಇಲ್ಲಿಗೇ ಕರ್ಕೊಂಡು ಬಂದು ಓದಿಸೋಣ, ಅಲ್ವಾ?" ಇದು ಸುಮ್ನೆ ಬಾಯಿಮಾತಲ್ಲ. ಪುಣೆ ಇದನ್ನು ಒಮ್ಮೆ ಮಾಡಿದೆ.

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕರ ಹೊತ್ತು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲಿನ ಜನ ಗಣಪತಿ ಕಳಿಸಿ ಬಂದು ಮಲಗಿದ್ದರು. ಕಲಬುರಗಿ ಕಡೆಯವರಿಗೆ ಅಂಥ ಮನೆಗಳು ಗೊತ್ತು. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣು ಹೊತ್ತ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ತಂಪು. ಅವತ್ತು ಭೂಕಂಪಕ್ಕೆ ಅದೇ ಕಲ್ಲು, ಅದೇ ಮಣ್ಣು ಮಲಗಿದ್ದವರ ಮೇಲೆ ಬಿತ್ತು. ಸತ್ತವರು ಹತ್ತಿರ ಹತ್ತಿರ 10,000. ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುತ್ತಾ ಅಲ್ಲಿಂದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಓದಿಸಿದರು. ಪುಣೆ ಪಕ್ಕದ ವಾಘೋಲಿಯಲ್ಲಿ ಆ ಸಂಸ್ಥೆಯ ಕೆಲಸ ಇಂದಿಗೂ ನಡೆದಿದೆ.

ಊರು ಮತ್ತೆ ಎದ್ದು ನಿಲ್ಲಲು ವರ್ಷಗಳು ಬೇಕು. ಐದನೇ ಕ್ಲಾಸಿನ ಹುಡುಗಿ ಅಲ್ಲಿಯವರೆಗೆ ತಗಡಿನ ಶೆಡ್ಡಿನಲ್ಲಿ ಕೂತು ಏನು ಕಲಿತಾಳು? ಒಂದೆರಡು ವರ್ಷ ಶಾಲೆ ತಪ್ಪಿದರೆ ಮನೆಗೆಲಸ, ಆಮೇಲೆ ಬೇಗ ಮದುವೆ. ಇನ್ನೊಂದು ಮಾತು, ಹೇಳೋಕೆ ಕಷ್ಟ. ಪರಿಹಾರದ ದುಡ್ಡು ಬರುವವರೆಗೆ ಮಗು ಎಲ್ಲರಿಗೂ ಬೇಕು. ದುಡ್ಡು ಮುಗಿದ ಮೇಲೆ ಅದು ಯಾರ ಮನೆಯ ಮಗು? ಹಾಸ್ಟೆಲಿನಲ್ಲಿ ಕಡೇ ಪಕ್ಷ ಎರಡು ಹೊತ್ತಿನ ಊಟಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ವಿರೋಧ: ಊರಲ್ಲೇ ಬೆಳೆಯಲಿ

ನನ್ನ ಮನಸ್ಸು ವಾಲುವುದು ಈ ಕಡೆ, ಮೊದಲೇ ಹೇಳಿಬಿಡುತ್ತೇನೆ.

ಕಾನೂನಿನ ವಿಷಯ ಬೇಗ ಮುಗಿಸೋಣ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳದೆ, ಒಳ್ಳೆಯ ಮನಸ್ಸಿದೆ ಅಂತ ಬಸ್ಸು ಹತ್ತಿಸಿಕೊಂಡು ಬರುವಂತಿಲ್ಲ. ಸಾಕುವ ಅಜ್ಜಿಗೋ ಚಿಕ್ಕಮ್ಮನಿಗೋ ನೆರವಾಗಲು ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಅದು ಸಾಲದು ಅಂದರೆ ನಮ್ಮ ಚಂದಾ ಅಲ್ಲಿಗೆ ಹೋಗಲಿ.

ದೊಡ್ಡ ಪ್ರಶ್ನೆ ಹೊಲದ್ದು. ಮಹಾರಾಷ್ಟ್ರದಲ್ಲಿ ಅಪ್ಪ ಸತ್ತರೆ ಸಾತ್‌ಬಾರಾ ಉತಾರದಲ್ಲಿ, ಅಂದರೆ ನಮ್ಮ ಪಹಣಿಯಂಥ ಜಮೀನಿನ ದಾಖಲೆಯಲ್ಲಿ, ಮಗುವಿನ ಹೆಸರು ಬರುತ್ತದೆ. ಜೊತೆಗೆ 'ಅ.ಪಾ.ಕ.' (ಅಪ್ರಾಪ್ತ ಮಗುವಿನ ಪಾಲಕರು ಅನ್ನುವುದರ ಮರಾಠಿ ಗುರುತು) ಅಂತ ಬರೆದು ಪಾಲಕರ ಹೆಸರೂ ಸೇರಿಸುತ್ತಾರೆ. ಹದಿನೆಂಟು ತುಂಬಿದ ಮೇಲೆ ಮಗುವೇ ಅರ್ಜಿ ಕೊಟ್ಟು ಆ ಹೆಸರು ತೆಗೆಸಬೇಕು. ಪುಣೆಯ ಹಾಸ್ಟೆಲಿನಲ್ಲಿ ಬೆಳೆದ ಹುಡುಗನಿಗೆ ಇದನ್ನು ಯಾರು ಹೇಳುತ್ತಾರೆ? ತನ್ನ ಹೊಲದ ಬದು ಎಲ್ಲಿದೆ ಅಂತಲೇ ಅವನಿಗೆ ಗೊತ್ತಿರುವುದಿಲ್ಲ. ನೆಂಟರ ದುರಾಸೆಯ ಭಯದಿಂದ ಅವನನ್ನು ದೂರ ಇಟ್ಟರೆ ಅನುಕೂಲ ಆಗುವುದು ಅದೇ ನೆಂಟರಿಗೆ! ಊರಲ್ಲಿದ್ದರೆ ನಾಲ್ಕು ಜನರ ಕಣ್ಣಾದರೂ ಇರುತ್ತದೆ.

ಊರು ಕಟ್ಟುವುದಕ್ಕೂ ಮಕ್ಕಳು ಬೇಕು. ನಮ್ಮ ಪುಣೆ ಜಿಲ್ಲೆಯದೇ ಮಾಳಿಣ ನೋಡಿ. 2014ರ ಜುಲೈ 30ರಂದು ಗುಡ್ಡ ಜಾರಿ 150ಕ್ಕೂ ಜಾಸ್ತಿ ಜನ ಹೋದರು. 2017ರ ಹೊತ್ತಿಗೆ ಹತ್ತಿರದಲ್ಲೇ ಹೊಸ ಊರು ಎದ್ದಿತು, ಶಾಲೆಯ ಸಮೇತ. ಇಂಥ ಊರಿಂದ ಮಕ್ಕಳನ್ನು ಬಸ್ಸಿಗಟ್ಟಲೆ ಎತ್ತಿಕೊಂಡು ಹೋದರೆ ಶಾಲೆಗೆ ಮಾಸ್ತರರು ಉಳಿಯುವುದಿಲ್ಲ. ಶಾಲೆ ಮುಚ್ಚಿತು ಅಂದರೆ ಅಪ್ಪ ಅಮ್ಮ ಇರುವ ಮಕ್ಕಳ ಮನೆಯವರೂ ಗಂಟುಮೂಟೆ ಕಟ್ಟುತ್ತಾರೆ.

ಹಾಗಂತ ಯಾರೂ ಇಲ್ಲದ, ಇದ್ದವರೂ ಕೈಬಿಟ್ಟ ಮಗುವಿಗೆ ಹಾಸ್ಟೆಲೇ ಸರಿ. ಆ ಮಾತು ಒಪ್ಪುತ್ತೇನೆ. ಉಳಿದವರು ಹತ್ತನೇ ಕ್ಲಾಸು ಊರಲ್ಲೇ ಮುಗಿಸಿ, ಕಾಲೇಜಿಗೆ ಬೇಕಿದ್ದರೆ ಪುಣೆಗೆ ಬರಲಿ. ನಮ್ಮ ಜನ ಚಂದಾ ಎತ್ತಬೇಕಾದದ್ದು ಆವಾಗ. ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು, ದೀಪಾವಳಿಗೆ ಊರಿಗೆ ಹೋಗಿಬರುವ ಬಸ್ ಚಾರ್ಜು, ಇಷ್ಟು ಕೊಡೋಣ.